ನಗು 17 ಸಲ ಬಂದರೆ ತಪ್ಪೇ?

ಓದುಗರ ಪತ್ರ: "ಸಂಪಾದಕರೇ, ಜೂನ್ ಸಂಚಿಕೆಯಲ್ಲಿ ದಲಿತ ಕವಿ ಸಿದ್ಧಲಿಂಗಯ್ಯನವರ ನೆನಪಿಗೆ ನಾಲ್ವರು ಲೇಖಕರಿಂದ ಬರೆಸಿದ್ದೀರಿ. ನಾಲ್ಕರಲ್ಲೂ ತಮಾಷೆ ಪ್ರಸಂಗಗಳೇ. 'ನಗು' 17 ಸಲ ಬಂದಿದೆ, ಎಣಿಸಿದ್ದೇನೆ. ಒಂದು ತಲೆಮಾರನ್ನೇ ಎಬ್ಬಿಸಿದ ಕವಿ ನಿಮಗೆ ಹಾಸ್ಯಗಾರನ ಹಾಗೆ ಕಂಡರೇ? ಕಾವ್ಯದ ಬಗ್ಗೆ ಒಂದಾದರೂ ಗಟ್ಟಿ ವಿಮರ್ಶೆ ಬೇಡವೇ? ಬರೆದವರೂ ಕವಿಗಿಂತ ತಮ್ಮ ಬಗ್ಗೆಯೇ ಜಾಸ್ತಿ ಬರೆದುಕೊಂಡಿದ್ದಾರೆ."
ನಿವೃತ್ತ ಕನ್ನಡ ಅಧ್ಯಾಪಕರು, ಹಾಸನ ಜಿಲ್ಲೆ

ಮೇಷ್ಟ್ರೇ, ನಮಸ್ಕಾರ.

ಪತ್ರದ ಜೊತೆ ಆ ಆರು ಪುಟಗಳನ್ನೂ ಹರಿದು ಕಳಿಸಿದ್ದೀರಿ. 'ನಗು' ಬಂದ ಕಡೆಯೆಲ್ಲ ಕೆಂಪು ಇಂಕಿನ ಗೆರೆ. ಎರಡು ಕಡೆ ನಮ್ಮ ಕಾಗುಣಿತವನ್ನೂ ತಿದ್ದಿದ್ದೀರಿ. ನಮ್ಮ ಹುಡುಗರು ಅದನ್ನು ಆಫೀಸಿನ ಗೋಡೆಗೆ ಅಂಟಿಸಿದ್ದಾರೆ. ಕೆಳಗೆ ಯಾರೋ '35/50' ಅಂತ ಅಂಕವನ್ನೂ ಹಾಕಿದ್ದಾರೆ. ಇಷ್ಟು ಕಣ್ಣಿಟ್ಟು ಓದುವವರು ಈಗ ಎಲ್ಲಿ ಸಿಗುತ್ತಾರೆ! ಆದರೂ ಒಂದು ಮಾತು. ನಾನೂ ಕೂತು ಎಣಿಸಿದೆ. 17 ಅಲ್ಲ, 18. ಕೊನೆಯ ಪುಟದ 'ಮುಗುಳ್ನಕ್ಕರು' ನಿಮ್ಮ ಕಣ್ಣು ತಪ್ಪಿಸಿದೆ.

ನಿಮ್ಮ ಒಂದು ದೂರು ಸರಿ. ಸತ್ತವರ ಪಕ್ಕ ನಿಂತು ತಮ್ಮ ಫೋಟೋ ತೆಗೆಸಿಕೊಳ್ಳುವವರು ನಮ್ಮಲ್ಲಿದ್ದಾರೆ. 'ಅವರು ನನ್ನ ಪದ್ಯ ಕೇಳಿ ಬೆನ್ನು ತಟ್ಟಿದರು' ಅನ್ನುವ ಸಾಲಿಲ್ಲದ ನುಡಿನಮನ ನಾನು ಕಂಡಿದ್ದು ಕಮ್ಮಿ. ಅಂಥ ಮೂರು ಪ್ಯಾರಾ ಕತ್ತರಿಸಿಯೇ ಅಚ್ಚು ಹಾಕಿದ್ದು. ಉಳಿದದ್ದನ್ನು ಓದಿಯೇ ನಿಮಗೆ ಹೀಗಾಗಿದ್ದರೆ ಹೋದದ್ದು ಹೇಗಿತ್ತು ಅಂತ ಊಹಿಸಿಕೊಳ್ಳಿ. ವಿಮರ್ಶೆಯೂ ಬೇಕು, ಬೇಡ ಅಂದವರಿಲ್ಲ.

ಆದರೆ ನಗುವಿನ ವಿಷಯದಲ್ಲಿ ಮಾತ್ರ ನಾನು ಜಗ್ಗುವವನಲ್ಲ.

2021ರ ಜೂನ್ 11, ಶುಕ್ರವಾರ. ಕೊರೊನಾ ಸಿದ್ಧಲಿಂಗಯ್ಯನವರನ್ನು ಕರೆದುಕೊಂಡು ಹೋದ ದಿನ. ಅವರಿಗೆ 67 ವರ್ಷ. ಊರೆಲ್ಲ ಬೀಗ ಹಾಕಿಕೊಂಡಿತ್ತು. ಬೇರೆ ದಿನಗಳಾಗಿದ್ದರೆ ಬೆಂಗಳೂರಿನ ರಸ್ತೆ ತುಂಬ ಜನ, ತಮಟೆ, ಅವರದೇ ಹಾಡು. ಅವತ್ತು ಯಾರೂ ಹೊಸಿಲು ದಾಟುವ ಹಾಗಿರಲಿಲ್ಲ. ಸಂಜೆ ಅವರ ಒಡನಾಡಿಯಾಗಿದ್ದ ಹಿರಿಯ ಲೇಖಕರೊಬ್ಬರಿಗೆ ಫೋನ್ ಮಾಡಿದೆ, ಏನಾದರೂ ಬರೆದುಕೊಡಿ ಅಂತ. ಅವರು ಹಳೆಯ ಪ್ರಸಂಗವೊಂದನ್ನು ಹೇಳತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೇ ನಗು ತಡೆಯಲಾಗಲಿಲ್ಲ. ನಾನೂ ಜೋರಾಗಿ ನಕ್ಕೆ. ಆಮೇಲೆ ಆ ಕಡೆಯಿಂದ ಮಾತೇ ಇಲ್ಲ. ಮೂಗು ಏರಿಸಿಕೊಂಡ ಸದ್ದು. ಅವರ ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿತು. "ನಾಳೆ ಬರೆದು ಕಳಿಸ್ತೀನಿ ಬಿಡಪ್ಪ" ಅಂದು ಇಟ್ಟರು.

ಮೇಷ್ಟ್ರೇ, ಅವತ್ತು ಸಿದ್ಧಲಿಂಗಯ್ಯನವರಿಗೆ ಹೆಗಲು ಕೊಡುವುದಕ್ಕೆ ಇದ್ದ ದಾರಿ ಅದೊಂದೇ.

ನೀವು ಅವರ ಆತ್ಮಕತೆ 'ಊರು ಕೇರಿ' ಓದಿರುತ್ತೀರಿ, ಪಾಠವನ್ನೂ ಮಾಡಿರುತ್ತೀರಿ. ಸುಮ್ನೆ ಇನ್ನೊಮ್ಮೆ ಮೊದಲ ಪುಟ ತೆಗೆಯಿರಿ. ಹೊಲದಲ್ಲಿ ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರನ್ನು ಕಟ್ಟಿ ಉಳುತ್ತಿದ್ದಾರೆ. ನೋಡುತ್ತಾ ಕೂತ ಹುಡುಗನಿಗೆ ಮೊದಲು ಅದು ಮಜವಾಗಿ ಕಾಣುತ್ತದೆ. ಆಮೇಲೆ ಗೊತ್ತಾಗುತ್ತದೆ, ಇಬ್ಬರಲ್ಲಿ ಒಬ್ಬ ತನ್ನ ಅಪ್ಪ. ಇದನ್ನೇ ಬೇರೆಯವರು ಬರೆದಿದ್ದರೆ ಮೊದಲ ಸಾಲಿನಿಂದಲೇ ಕಣ್ಣೀರು ಹರಿಸುತ್ತಿದ್ದರು. ಸಿದ್ಧಲಿಂಗಯ್ಯ ಮೊದಲು ಆ ಮಜಾ ತೋರಿಸಿದರು. ಅದಕ್ಕೇ ಆಮೇಲಿನದು ಹಾಗೆ ಇರಿಯುತ್ತದೆ. ಅದೇ ಪುಸ್ತಕದಲ್ಲಿ ಬೆಂಗಳೂರಿನ ಸ್ಮಶಾನದಲ್ಲಿ ಕೂತು ಓದಿಕೊಳ್ಳುತ್ತಿದ್ದ ಹುಡುಗನೂ ಇದ್ದಾನೆ. ಓದಲು ಬೇರೆ ಜಾಗವಿಲ್ಲ ಅನ್ನುವುದು ಬಡತನದ ಮಾತು. ಅದನ್ನು ಓದುತ್ತಾ ನಮ್ಮ ತುಟಿ ಅಂಚಿನಲ್ಲಿ ನಗು ಬಂದುಬಿಡುತ್ತದಲ್ಲ, ಅದು ಸಿದ್ಧಲಿಂಗಯ್ಯನವರ ಮಾತು.

ಇದು ನನ್ನ ಸ್ವಂತ ಬುದ್ಧಿಯಲ್ಲ. 'ಊರು ಕೇರಿ' ಬಗ್ಗೆ ಡಿ.ಆರ್. ನಾಗರಾಜ್ ಬರೆದ ಲೇಖನದ ಹೆಸರೇ 'ಬಡವರ ನಗುವಿನ ಶಕ್ತಿ'. ನೀವು ಗಟ್ಟಿ ವಿಮರ್ಶೆ ಕೇಳಿದಿರಿ. ಆ ಕಾಲದ ಅತಿ ಗಟ್ಟಿ ವಿಮರ್ಶಕನೇ ಹೋಗಿ ಕೈಯಿಟ್ಟದ್ದು ಆ ನಗುವಿನ ಮೇಲೆ. ಇಬ್ಬರೂ 1954ರಲ್ಲಿ ಹುಟ್ಟಿದವರು, ಗೆಳೆಯರು. ಡಿ.ಆರ್. 1998ರಲ್ಲೇ, 44ಕ್ಕೇ ಹೋಗಿಬಿಟ್ಟರು. ಸಿದ್ಧಲಿಂಗಯ್ಯನವರ ಬಗ್ಗೆ ಬರೆಯಬೇಕಾದವರೇ 23 ವರ್ಷ ಮುಂಚೆ ಹೊರಟುಹೋದರೆ ನಾನು ಯಾರ ಹತ್ತಿರ ಹೋಗಿ ಕೇಳಲಿ?

ನುಡಿನಮನ ಅಂದರೆ ಏನು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಉದಾಹರಣೆ ಇದೆ. ಅದು ಸಾವಿನ ನಂತರ ಬರೆದದ್ದೂ ಅಲ್ಲ. ದೇವನೂರ ಮಹಾದೇವರ 'ಎದೆಗೆ ಬಿದ್ದ ಅಕ್ಷರ'ದಲ್ಲಿ ಮನೆಮಂಚಮ್ಮ ಅನ್ನುವ ಗ್ರಾಮದೇವತೆಯ ಕತೆ ಬರುತ್ತದೆ. ಅದನ್ನು ಅವರಿಗೆ ಹೇಳಿದವರು ಸಿದ್ಧಲಿಂಗಯ್ಯ. ಗ್ರಾಮದೇವತೆಗಳ ಮೇಲೆಯೇ ಪಿಎಚ್.ಡಿ. ಮಾಡಿದ ಮನುಷ್ಯ, ಇಂಥ ಕತೆಗಳಿಗೆ ಬರವೇ? ಊರವರು ಅಮ್ಮನಿಗೆ ಗುಡಿ ಕಟ್ಟಲು ಶುರುಮಾಡುತ್ತಾರೆ. ಗೋಡೆ ಎದ್ದು ಇನ್ನೇನು ಮಾಡು ಹೊದಿಸಬೇಕು, ಅಷ್ಟರಲ್ಲಿ ಒಬ್ಬನ ಮೈಮೇಲೆ ಅಮ್ಮ ಬರುತ್ತಾಳೆ. ಏನ್ರಪ್ಪ ಮಾಡ್ತಿದ್ದೀರಿ ಅಂತ ಕೇಳುತ್ತಾಳೆ. ನಿನಗೊಂದು ಮನೆ ತಾಯಿ ಅನ್ನುತ್ತಾರೆ. ನಿಮಗೆಲ್ಲ ಮನೆ ಇದೆಯಾ ಅನ್ನುತ್ತಾಳೆ. ಗುಂಪಿನಲ್ಲಿ ಒಬ್ಬ, ನನಗಿಲ್ಲ ತಾಯಿ ಅನ್ನುತ್ತಾನೆ. ಹಾಗಿದ್ದರೆ ಎಲ್ಲರಿಗೂ ಮನೆ ಆಗುವ ತನಕ ನನಗೂ ಬೇಡ ಅಂದುಬಿಡುತ್ತಾಳೆ. ಗುಡಿಗೆ ಇವತ್ತಿಗೂ ಸೂರಿಲ್ಲ.

ಕೇಳುವಾಗ ನಗು ಬರುತ್ತದೆ, ಅಲ್ವಾ? ಆ ಕತೆಯಲ್ಲಿ ಮಹಾದೇವರಿಗೆ ಬುದ್ಧನೇ ಕಂಡ. ಒಬ್ಬ ಹೇಳಿದ್ದು, ಇನ್ನೊಬ್ಬನ ಎದೆಗೆ ಬಿದ್ದದ್ದು, ಅಲ್ಲಿಂದ ನಾಡಿಗೆಲ್ಲ ಹರಡಿದ್ದು. ಸಿದ್ಧಲಿಂಗಯ್ಯನವರ ಒಂದು ಪದ್ಯವನ್ನೂ ಓದದವರ ಬಾಯಲ್ಲಿ ನಾನು ಈ ಕತೆ ಕೇಳಿದ್ದೇನೆ. ಇದಕ್ಕಿಂತ ದೊಡ್ಡ ನುಡಿನಮನ ನನಗೆ ಗೊತ್ತಿಲ್ಲ.

ಪ್ರಸಂಗ ಹೇಳುವುದು ಹಗುರದ ಕೆಲಸ ಅಂತ ನೀವು ತಿಳಿದಹಾಗಿದೆ. ಡಿ.ವಿ.ಜಿ.ಯವರಷ್ಟು ಗಂಭೀರ ಮನುಷ್ಯರು ಬೇಕೇ? ಅವರ 'ಜ್ಞಾಪಕ ಚಿತ್ರಶಾಲೆ' ತುಂಬ ಇರುವುದು ಏನು? ಯಾರು ಏನು ತಿಂದರು, ಯಾರು ಯಾರಿಗೆ ಏನಂದರು, ಯಾರು ಹೇಗೆ ಜಗಳವಾಡಿದರು, ಇದೇ ತಾನೇ. ಅದನ್ನು ಓದಿಯೇ ಇವತ್ತಿಗೂ ನಮಗೆ ಆ ಜನ ಎದುರಿಗೆ ಬಂದು ಕೂರುತ್ತಾರೆ.

ಹಾಗೆ ನೋಡಿದರೆ ನಮ್ಮ ಸಂಚಿಕೆಯಲ್ಲಿ ನಿಜವಾದ ಕೊರತೆ ಬೇರೆ ಇತ್ತು. ನೀವು ಹೇಳಲಿಲ್ಲ, ನಾನೇ ಹೇಳುತ್ತೇನೆ. ಸಿದ್ಧಲಿಂಗಯ್ಯ ಎರಡು ಸಲ ವಿಧಾನ ಪರಿಷತ್ತಿನಲ್ಲಿದ್ದರು, ಪ್ರಾಧಿಕಾರಗಳ ಅಧ್ಯಕ್ಷರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಧಿಕಾರದ ಹತ್ತಿರ ಜಾಸ್ತಿ ಸುಳಿದಾಡಿದರು ಅಂತ ಹಳೆಯ ಸಂಗಾತಿಗಳಲ್ಲೇ ಗೊಣಗಾಟ ಇತ್ತು. ನಾಲ್ವರಲ್ಲಿ ಒಬ್ಬರೂ ಅದನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ನಾನು ಕತ್ತರಿಸುತ್ತಿರಲಿಲ್ಲ. ಜಗಳವಾಡಿದ ಗೆಳೆಯನೇ ಚೆನ್ನಾಗಿ ನೆನೆಯಬಲ್ಲ.

ಈಗ ನನ್ನ ಹೊಟ್ಟೆಯುರಿ ಕೇಳಿ. ಕವಿಯೊಬ್ಬ ತೀರಿಕೊಂಡ ಅರ್ಧ ಗಂಟೆಗೆ ನಮ್ಮ ಮೇಲ್ ಪೆಟ್ಟಿಗೆ ತುಂಬುತ್ತದೆ. ಎಲ್ಲರಿಗೂ 'ತುಂಬಲಾರದ ನಷ್ಟ'. ಎಲ್ಲರ ಪ್ರಕಾರ 'ಸಾರಸ್ವತ ಲೋಕ ಬಡವಾಗಿದೆ'. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಪತ್ರಿಕೆಗೆ ಎರಡು ತಿಂಗಳ ಅಂತರದಲ್ಲಿ ಇಬ್ಬರು ಸಾಹಿತಿಗಳಿಗೆ ಒಂದೇ ಸಂತಾಪ ಬಂತು. ಅಕ್ಷರ ಅಕ್ಷರ ಅದೇ. ಎರಡನೆಯದರಲ್ಲಿ ಒಂದು ಕಡೆ ಮೊದಲನೆಯವರ ಹೆಸರು ಹಾಗೇ ಉಳಿದುಹೋಗಿತ್ತು. ಪ್ರೂಫ್ ನೋಡಿದವನು ನಾನೇ. ಹಾಗೇ ಅಚ್ಚಾಯಿತು. ಬೈಯಲು ಒಂದು ಫೋನ್ ಬರಲಿಲ್ಲ, ಮೇಷ್ಟ್ರೇ. ಯಾರೂ ಓದಿರಲೇ ಇಲ್ಲ.

ಗಂಭೀರ ಅಂತ ನೀವು ಕೇಳುವುದು ಕೊನೆಗೆ ಹೋಗಿ ನಿಲ್ಲುವುದು ಅಲ್ಲೇ ಅನ್ನುವುದು ನನ್ನ ಭಯ. ಇಲ್ಲವೇ ಗೈಡಿನಲ್ಲಿ. 'ಕವಿಯು ಇಲ್ಲಿ ಶೋಷಣೆಯನ್ನು ಖಂಡಿಸಿದ್ದಾರೆ', ಎರಡು ಅಂಕ. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ 'ಹೊಲೆಮಾದಿಗರ ಹಾಡು' ಬಂದಾಗ ಕನ್ನಡಕ್ಕೆ ಬಿದ್ದ ಏಟು ಎಂಥದ್ದು ಅಂತ ಆ ಎರಡು ಅಂಕದ ಉತ್ತರದಿಂದ ಯಾವ ಮಗುವಿಗೆ ಗೊತ್ತಾಗಬೇಕು? ಇನ್ನೊಂದು ಕಡೆ ಮದುವೆಮನೆ ಆರ್ಕೆಸ್ಟ್ರಾದಲ್ಲಿ ಅವರೇ ಬರೆದ 'ಆ ಬೆಟ್ಟದಲ್ಲಿ ಬೆಳದಿಂಗಳಲ್ಲಿ' ಹಾಡುತ್ತಾರೆ. ಬರೆದವರು ಯಾರಪ್ಪ ಅಂದರೆ ಎಸ್ಪಿಬಿ ಅನ್ನುತ್ತಾರೆ. ಅಂದೇ ಅಂದರು, ಕಳೆದ ತಿಂಗಳು, ನನ್ನ ಎದುರಿಗೇ. ಅವರು ಹಾಡಿದವರು ಕಣಯ್ಯ ಅಂದರೆ, ಹೌದಾ ಸಾರ್ ಅಂತ ಮುಂದಿನ ಹಾಡಿಗೆ ಹೋದ.

ಕೊನೆಗೆ ನಿಮ್ಮ ಪತ್ರದ ಬಗ್ಗೆಯೇ ಒಂದು ಮಾತು. ಸಹಿ ಆದಮೇಲೆ, ಕಾಗದದ ಬುಡದಲ್ಲಿ, ಸಣ್ಣಕ್ಷರದಲ್ಲಿ ಒಂದು ಸಾಲು ಬರೆದಿದ್ದೀರಿ. ಕಾಲೇಜಿನ ದಿನಗಳಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾದಲ್ಲಿ ಸಿದ್ಧಲಿಂಗಯ್ಯನವರ 'ಯಾರಿಗೆ ಬಂತು, ಎಲ್ಲಿಗೆ ಬಂತು' ಹಾಡಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಿರಂತೆ. ತಮಟೆ ಬಾರಿಸುವವನು ಬರಲಿಲ್ಲವೆಂದು ಹೋಟೆಲಿನವರ ಖಾಲಿ ಎಣ್ಣೆ ಡಬ್ಬ ಇಸಕೊಂಡು ನೀವೇ ಬಾರಿಸಿದಿರಂತೆ. ಡಬ್ಬದ ಅಂಚು ತಾಗಿ ಕೈ ಕುಯ್ದುಕೊಂಡಿತಂತೆ. ಎರಡು ಪುಟದ ವಿಮರ್ಶೆ ಬರೆದು ಇದನ್ನು ಯಾಕೆ ಬುಡಕ್ಕೆ ತಳ್ಳಿದಿರಿ?

ಅದನ್ನೇ ಪೂರ್ತಿ ಬರೆದು ಕಳಿಸಿ. ಡಬ್ಬ ವಾಪಸ್ ಕೊಟ್ಟಿರೋ ಇಲ್ಲವೋ ಅದನ್ನೂ ಬರೀರಿ. ಐನೂರು ಪದ ಮೀರಿದರೂ ಪರವಾಗಿಲ್ಲ, ಕೆಂಪು ಇಂಕು ಮಾತ್ರ ಬೇಡ, ನಮ್ಮ ಟೈಪಿಂಗ್ ಹುಡುಗಿಗೆ ಕಣ್ಣು ನೋಯುತ್ತದಂತೆ.

ಸಂಪಾದಕ