ಲಸಿಕೆ ಬೇಡ ಅಂದ ಮೇಷ್ಟ್ರು: ಒಂದು ಆಪ್ತಸಲಹೆ ಪ್ರಕರಣ

2021ರ ಜೂನ್ ಮೊದಲ ವಾರ. ರಾಜ್ಯದಲ್ಲಿ ಕೋವಿಡ್ ಲಾಕ್‌ಡೌನ್ ಇನ್ನೂ ಸಡಿಲಾಗಿರಲಿಲ್ಲ, ಸಮಾಲೋಚನೆಯೆಲ್ಲ ಫೋನಿನಲ್ಲೇ. ಕರೆ ಮಾಡಿದವರು ಬೆಂಗಳೂರಿನಲ್ಲಿ ಕೆಲಸದಲ್ಲಿರುವ 34ರ ಮಹಿಳೆ. ತವರು ಹಳೇ ಮೈಸೂರು ಕಡೆಯ ಒಂದು ಹೋಬಳಿ ಊರು. ತಂದೆಗೆ 67 ವರ್ಷ, ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರು, 12 ವರ್ಷದಿಂದ ಸಕ್ಕರೆ ಕಾಯಿಲೆ. ತಾಯಿಗೆ 61, ಬಿಪಿ ಜೊತೆಗೆ ಉಬ್ಬಸ. 29ರ ತಮ್ಮ ಮನೆಯಿಂದಲೇ ಕೆಲಸ ಎಂದು ಊರಿಗೆ ಬಂದು ವರ್ಷ ದಾಟಿತ್ತು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಪಕ್ಷಗಳ ಹೆಸರನ್ನೂ ಬರೆದಿಲ್ಲ. ಇಂಥ ಜಗಳ ಎಲ್ಲ ಪಕ್ಷದ ಮನೆಗಳಲ್ಲೂ ನಡೆದಿದೆ.)

60 ದಾಟಿದವರಿಗೆ ಮಾರ್ಚ್ 1ರಿಂದಲೇ ಲಸಿಕೆ ಸಿಗುತ್ತಿತ್ತು. ಮೂರು ತಿಂಗಳಾದರೂ ಮೇಷ್ಟ್ರು ಹಾಕಿಸಿಕೊಂಡಿರಲಿಲ್ಲ. "ಅದು ಅವರ ಲಸಿಕೆ. ಅವರ ಫೋಟೋ ಇರೋ ಕಾಗದ ಈ ಮನೆಗೆ ಬರಬಾರದು" ಎನ್ನುವುದು ಅವರ ಮಾತು. ಪ್ರಮಾಣಪತ್ರದಲ್ಲಿ ಪ್ರಧಾನಿಯ ಭಾವಚಿತ್ರ ಇರುತ್ತಿತ್ತು. ಮಗ ಪ್ರಧಾನಿಯ ಪಕ್ಷದ ಅಭಿಮಾನಿ. ಊಟಕ್ಕೆ ಕೂತರೆ ಮಾತು ಲಸಿಕೆಯಿಂದ ಶುರುವಾಗಿ ಹತ್ತೇ ನಿಮಿಷದಲ್ಲಿ ಚುನಾವಣೆಗೆ ತಲುಪುತ್ತಿತ್ತು. ತಾಯಿಗೆ ಹಾಕಿಸಿಕೊಳ್ಳುವ ಮನಸ್ಸಿದ್ದರೂ ಗಂಡನನ್ನು ಬಿಟ್ಟು ಹೋಗುವ ಧೈರ್ಯವಿಲ್ಲ. "ಅಪ್ಪನ ಮನಸ್ಸು ಹೇಗೆ ಬದಲಾಯಿಸೋದು?" ಎಂದು ಮಗಳು ಕೇಳಿದರು.

ನಾವು ಮೊದಲು ಮಾತಾಡಿದ್ದು ತಾಯಿಯ ವಿಷಯ. ಒಬ್ಬರ ಪಕ್ಷನಿಷ್ಠೆಗೆ ಇನ್ನೊಬ್ಬರ ಶ್ವಾಸಕೋಶ ಒತ್ತೆಯಾಗಬಾರದು. ಮಗಳು ಒಂದು ಶನಿವಾರ ಫೋನಿನಲ್ಲಿ ಅಪ್ಪನಿಗೆ ಹೇಳಿದ್ದು ಇಷ್ಟು: "ಅಪ್ಪ, ನಿಮ್ಮದು ನಿಮಗೆ ಬಿಟ್ಟದ್ದು. ಅಮ್ಮಂಗೆ ಉಬ್ಬಸ ಇದೆ, ಸೋಮವಾರ ತಮ್ಮ ಕರ್ಕೊಂಡು ಹೋಗಲಿ." ಒಪ್ಪಿಗೆಯನ್ನೂ ಕೇಳಲಿಲ್ಲ, ವಾದವನ್ನೂ ಮಾಡಲಿಲ್ಲ. ಮೇಷ್ಟ್ರು ಹೂಂ ಅನ್ನಲಿಲ್ಲ, ತಡೆಯಲೂ ಇಲ್ಲ. ತಾಯಿಗೆ ಮೊದಲ ಡೋಸ್ ಆಯಿತು.

ಆಮೇಲೆ ಮೇಷ್ಟ್ರ 'ಬೇಡ'ವನ್ನು ಬಿಡಿಸಿ ನೋಡಿದೆವು. ಅದರಲ್ಲಿ ನಾಲ್ಕು ಎಳೆಗಳಿದ್ದವು: ಸಕ್ಕರೆ ಕಾಯಿಲೆಯವನಿಗೆ ಏನಾದರೂ ಆದೀತೆಂಬ ಭಯ, ಆಳುವವರ ಮೇಲಿನ ಸಿಟ್ಟು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುಳ್ಳು, ಮತ್ತೆ ಮುಖ ಉಳಿಸಿಕೊಳ್ಳುವ ಚಿಂತೆ. ಜನವರಿಯಲ್ಲಿ ಹೋಟೆಲಿನ ಬೆಂಚಿನ ಮೇಲೆ ಕೂತು ಹತ್ತು ಜನರೆದುರು "ನಾನಂತೂ ಹಾಕಿಸ್ಕೊಳಲ್ಲ" ಎಂದಿದ್ದರು. ನೌಕರಿಯಲ್ಲಿದ್ದಷ್ಟು ದಿನ ಬಾಯಿ ಕಟ್ಟಿಕೊಂಡಿದ್ದು, ನಿವೃತ್ತಿಯ ನಂತರ ಎರಡು ಚುನಾವಣೆಗೆ ಬೂತ್ ಏಜೆಂಟಾಗಿ ಕೂತ ಮನುಷ್ಯ. ಈಗ ಸಾಲಿನಲ್ಲಿ ನಿಂತರೆ ಆ ಬೆಂಚಿನವರಿಗೆ ಏನು ಹೇಳುವುದು? ನಮ್ಮ ಅಂದಾಜಿನಲ್ಲಿ ಎಲ್ಲಕ್ಕಿಂತ ಭಾರವಾಗಿದ್ದುದು ಈ ನಾಲ್ಕನೆಯದೇ. ಮನೆಯವರು ಮಾತ್ರ ಮೂರನೆಯದರ ಮೇಲೆ, ಎಂದರೆ ಸುಳ್ಳು ಸುದ್ದಿಯ ಮೇಲೆ, ಎಲ್ಲ ಶಕ್ತಿ ಖರ್ಚು ಮಾಡುತ್ತಿದ್ದರು.

ಇಲ್ಲಿ ನಮ್ಮದೂ ಒಂದು ಸಲಹೆ ಕೆಟ್ಟಿತು. ಮೇ ಕೊನೆಯಿಂದ ಹರಿದಾಡುತ್ತಿದ್ದ ಒಂದು ಸಂದೇಶ ಮೇಷ್ಟ್ರ ಫೋನಿನಲ್ಲೂ ಇತ್ತು. ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದೊಳಗೆ ಸಾಯುತ್ತಾರೆಂದು ನೊಬೆಲ್ ವಿಜ್ಞಾನಿ ಲುಕ್ ಮಾಂಟಾನ್ಯೆ ಹೇಳಿದ್ದಾರೆ ಎಂಬುದು. ಆತ ಲಸಿಕೆಯನ್ನು ಟೀಕಿಸಿದ್ದು ನಿಜ, ಈ ಮಾತು ಆಡಿರಲಿಲ್ಲ. ಕೇಂದ್ರ ಸರ್ಕಾರದ ವಾರ್ತಾ ಕಚೇರಿ ಪಿಐಬಿಯ ಫ್ಯಾಕ್ಟ್ ಚೆಕ್ ಕೊಟ್ಟ ಸ್ಪಷ್ಟನೆಯನ್ನು ಅಪ್ಪನಿಗೆ ಕಳಿಸಿ ಎಂದು ಮಗನಿಗೆ ಹೇಳಿದೆವು. ಕಳಿಸಿದ. "ಕಳ್ಳನ್ನೇ ಪಂಚಾಯ್ತಿಗೆ ಕೂರಿಸಿದ್ಯಾ?" ಎಂದು ಮೇಷ್ಟ್ರು ಎರಡು ದಿನ ಮಾತು ಬಿಟ್ಟರು. ಯಾರ ಮೇಲೆ ಅಪನಂಬಿಕೆಯೋ ಅವರ ಮೊಹರನ್ನೇ ಸಾಕ್ಷಿಯಾಗಿ ಒಡ್ಡಿದರೆ ಸ್ಪಷ್ಟನೆ ನಿಜವಾಗಿದ್ದೂ ಪ್ರಯೋಜನವಿಲ್ಲ. ಮಗನ ಪಕ್ಷದ ನಾಯಕರು ಲಸಿಕೆ ತೆಗೆದುಕೊಳ್ಳುವ ವಿಡಿಯೊ ತೋರಿಸಿದಾಗಲೂ ಆದದ್ದು ಇದೇ.

ದಾರಿ ಬದಲಿಸಿದೆವು. ಮೊದಲ ಕೆಲಸ ಮಗನಿಗೆ ಕೊಟ್ಟೆವು: ಅಪ್ಪನ ಸುಳ್ಳನ್ನು ಎತ್ತುವ ಮೊದಲು ನಿನ್ನದೊಂದನ್ನು ಒಪ್ಪಿಕೋ. ಅವನೇ ನೆನಪಿಸಿಕೊಂಡ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನ, ಚಪ್ಪಾಳೆ–ಜಾಗಟೆಯ ಕಂಪನಕ್ಕೆ ವೈರಸ್ ಸಾಯುತ್ತದೆ ಎಂಬ ಸಂದೇಶವನ್ನು ಮನೆಯ ಗುಂಪಿಗೆ ಹಾಕಿದ್ದ. ಅದು ಸುಳ್ಳೆಂದು ಅದೇ ಪಿಐಬಿ ಹೇಳಿತ್ತು. "ಅಪ್ಪ, ಅವತ್ತು ನಾನು ಕಳಿಸಿದ್ದು ತಪ್ಪು. ನಮ್ಮ ಕಡೆಯೋರು ಕಳಿಸಿದ್ರು ಅಂತ ನೋಡ್ದೆ ಹಾಕ್ಬಿಟ್ಟೆ" ಎಂದ. ಅಷ್ಟಕ್ಕೇ ನಿಲ್ಲಿಸಬೇಕು, "ಈಗ ನೀವೂ ಒಪ್ಕೊಳಿ" ಎಂದು ಬಾಲ ಸೇರಿಸಬಾರದು ಎಂದು ಮೊದಲೇ ಎಚ್ಚರಿಸಿದ್ದೆವು. ಸೇರಿಸಲಿಲ್ಲ.

ಎರಡನೆಯದು ಒಂದು ನೋಟ್‌ಬುಕ್. ಲಸಿಕೆಯ ಬಗ್ಗೆ ಬಂದ ಸಂದೇಶಗಳನ್ನು ಮೇಷ್ಟ್ರೇ ಬರೆದಿಡಬೇಕು: ಬಂದ ದಿನ, ಕಳಿಸಿದವರು, ಹೇಳಿರುವ ಸಂಗತಿ, ಅದು ನಿಜವೋ ಸುಳ್ಳೋ ಎಂದು ಗೊತ್ತಾಗುವ ದಿನ. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರಿಗೆ ಇದು ಒಗ್ಗುವ ಕೆಲಸ. ಮಾಂಟಾನ್ಯೆ ಸಂದೇಶದ ಎದುರು ಅವರು ಕೆಂಪು ಶಾಯಿಯಲ್ಲಿ ಬರೆದರು: 'ಮೇ 2023'. ಎರಡು ಬಾಣದ ಗುರುತಿರುವ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದದ್ದೆಂದೂ, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೋ ಒಂದು ಗುಂಪಿಗೋ ಮಾತ್ರ ಕಳಿಸಲು ಬರುತ್ತದೆಂದೂ ಮಗ ತೋರಿಸಿಕೊಟ್ಟ. ಇದನ್ನು ತನ್ನ ಫೋನಿನ ಸಂದೇಶದಲ್ಲೇ ತೋರಿಸಬೇಕು, ಅಪ್ಪನ ಫೋನ್ ಕೈಗೆ ತೆಗೆದುಕೊಳ್ಳಬಾರದು ಎಂಬುದು ನಮ್ಮ ಕಟ್ಟುನಿಟ್ಟು.

ಮೂರನೆಯದು ಅವರ ಅನುಮಾನದಲ್ಲಿ ನಿಜವಾದುದನ್ನು ನಿಜ ಎನ್ನುವುದು. ಕೋವ್ಯಾಕ್ಸಿನ್‌ಗೆ 2021ರ ಜನವರಿ 3ರಂದು ಅನುಮತಿ ಕೊಟ್ಟಾಗ ಮೂರನೇ ಹಂತದ ಪ್ರಯೋಗದ ಫಲಿತಾಂಶ ಬಂದಿರಲಿಲ್ಲ. ಕೋವಿಶೀಲ್ಡ್ ಡೋಸ್‌ಗಳ ಅಂತರ ಮೊದಲು 4ರಿಂದ 6 ವಾರ, ಮಾರ್ಚ್‌ನಲ್ಲಿ 6ರಿಂದ 8, ಮೇ 13ಕ್ಕೆ 12ರಿಂದ 16 ವಾರ ಆಯಿತು. ಅದೇ ಹೊತ್ತಿಗೆ ಲಸಿಕೆಗೆ ತತ್ವಾರವೂ ಇತ್ತು. ಹೀಗಿರುವಾಗ ಜನವರಿಯಲ್ಲಿ ಅನುಮಾನಪಟ್ಟವರನ್ನು ದಡ್ಡರೆಂದರೆ ಅದು ಅನ್ಯಾಯ. ಆದರೆ ಜನವರಿಯ ಅನುಮಾನಕ್ಕೆ ಜೂನ್‌ನಲ್ಲಿ ಉತ್ತರವಿತ್ತು. ಕೋವ್ಯಾಕ್ಸಿನ್‌ನ ಮಧ್ಯಂತರ ಫಲಿತಾಂಶ ಮಾರ್ಚ್‌ನಲ್ಲಿ ಹೊರಬಂದಿತ್ತು. ಅವರೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದ್ದದ್ದು ಕೋವಿಶೀಲ್ಡ್. ಅದರ ಬ್ರಿಟನ್, ಬ್ರೆಜಿಲ್ ಪ್ರಯೋಗಗಳ ಫಲಿತಾಂಶ 2020ರ ಡಿಸೆಂಬರ್‌ನಲ್ಲೇ ಪ್ರಕಟವಾಗಿತ್ತು.

ಮೇಷ್ಟ್ರು ನಮ್ಮೊಂದಿಗೆ ಮಾತಾಡಲು ಒಪ್ಪಿದ್ದು ಇದಾದ ಮೇಲೆ, 20 ನಿಮಿಷ ಮಾತ್ರ ಎಂಬ ಕರಾರಿನಲ್ಲಿ. ಕೇಳಿದ ಪ್ರಶ್ನೆ ಒಂದೇ: "ಹಾಕಿಸ್ಕೊಬೇಕು ಅನ್ನೋ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ, ಮೇಷ್ಟ್ರೇ?" ಮೂರು ಎಂದರು. ಯಾಕೆ ಹತ್ತಲ್ಲ ಎಂದು ಕೇಳಿದರೆ ಮನುಷ್ಯ ಬೇಡದ ಕಾರಣಗಳನ್ನೇ ಮತ್ತೆ ಹೇಳಿ ಗಟ್ಟಿ ಮಾಡಿಕೊಳ್ಳುತ್ತಾನೆ. ಹಾಗಾಗಿ "ಸೊನ್ನೆ ಕೊಡದೆ ಮೂರು ಯಾಕೆ ಕೊಟ್ಟಿರಿ?" ಎಂದೆವು. ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಸಕ್ಕರೆ ಇದೆಯಲ್ಲ. ಬಂತು ಅಂದ್ರೆ ಆಸ್ಪತ್ರೆ. ಆಸ್ಪತ್ರೇಲಿ ಆಕ್ಸಿಜನ್ ಇರುತ್ತೆ ಅಂತ ಏನು ಗ್ಯಾರಂಟಿ? ಚಾಮರಾಜನಗರದಲ್ಲಿ ಏನಾಯ್ತು ನೋಡಿದ್ರಲ್ಲ."

ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ 24 ರೋಗಿಗಳು ತೀರಿಕೊಂಡಿದ್ದರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂರೇ ಜನ ಎಂದು ಮೊದಲು ಅಧಿಕೃತವಾಗಿ ಹೇಳಿದ್ದರು. ಮೇಷ್ಟ್ರ ಅಪನಂಬಿಕೆಗೆ ಅದಕ್ಕಿಂತ ದೊಡ್ಡ ಆಧಾರ ಬೇಕಿರಲಿಲ್ಲ, ಅದನ್ನು ಅಲ್ಲಗಳೆಯುವ ಕೆಲಸವೂ ನಮ್ಮದಲ್ಲ. "ಹಾಗಾದ್ರೆ ಅವರನ್ನ ನಂಬಿ ಆಸ್ಪತ್ರೆ ಬಾಗಿಲಿಗೆ ಹೋಗೋ ಸ್ಥಿತಿ ಬರದ ಹಾಗೆ ನಿಮ್ಮ ಕೈಲಿ ಏನಿದೆ?" ಎಂದು ಕೇಳಿದೆವು. ಸರ್ಕಾರದ ಮೇಲೆ ನಂಬಿಕೆ ಇಲ್ಲದವರಿಗೇ ಲಸಿಕೆ ಹೆಚ್ಚು ಬೇಕು. ಇದನ್ನು ನಾವು ಹೇಳಲಿಲ್ಲ. ಫೋನ್ ಇಡುವ ಮೊದಲು ಅವರೇ ಸುತ್ತಿ ಬಳಸಿ ಹೇಳಿದರು.

ಉಳಿದದ್ದು ಮುಖದ ಪ್ರಶ್ನೆ. ಊರಿನ ಆಶಾ ಕಾರ್ಯಕರ್ತೆ ಮೇಷ್ಟ್ರ ಹಳೆಯ ಶಿಷ್ಯೆ. ಅವರಿಗೆ ವಿಷಯ ತಿಳಿಸಲು ಮಗಳಿಗೆ ಹೇಳಿದೆವು. ಜೂನ್ 21ರಂದು ದೇಶದಾದ್ಯಂತ ದೊಡ್ಡ ಲಸಿಕಾ ಅಭಿಯಾನ. ಬ್ಯಾನರ್, ಮುಖಂಡರು, ಫೋಟೋ ಎಲ್ಲ ಇರುತ್ತದೆ, ಆ ದಿನ ಬೇಡ. 23ರಂದು, ಮಧ್ಯಾಹ್ನ ಸಾಲು ಕರಗಿದ ಮೇಲೆ. ನೋಂದಣಿ ಮಗಳ ಮೊಬೈಲ್ ಸಂಖ್ಯೆಯಲ್ಲಿ, ಆಗ ಪ್ರಮಾಣಪತ್ರ ಅವಳ ಫೋನಿನಲ್ಲೇ ಉಳಿಯುತ್ತದೆ, ಮುದ್ರಿಸುವ ಅಗತ್ಯವಿಲ್ಲ. ಮಗ ಸ್ಟೇಟಸ್ ಹಾಕಬಾರದು, "ಕೊನೆಗೂ ಬಂದ್ರಲ್ಲ" ಎನ್ನಬಾರದು. ಬೆಂಚಿನವರು ಕೇಳಿದರೆ ಹೇಳಲು ಮೇಷ್ಟ್ರೇ ಒಂದು ಮಾತು ಆರಿಸಿಕೊಂಡರು: "ನಮ್ಮ ತೆರಿಗೆ ದುಡ್ಡಿನ ಲಸಿಕೆ, ಅವರಪ್ಪನ ಮನೇದಲ್ಲ."

ಸಕ್ಕರೆಯ ಭಯಕ್ಕೆ ಉತ್ತರ ಕೊಡಬೇಕಾದವರು ನಾವಲ್ಲ, ಆರೋಗ್ಯ ಕೇಂದ್ರದ ಸಿಸ್ಟರ್. ಮಾತ್ರೆ ನಿಲ್ಲಿಸಬೇಡಿ, ಊಟ ಮಾಡಿ ಬನ್ನಿ, ಚುಚ್ಚಿದ ಮೇಲೆ ಅರ್ಧ ಗಂಟೆ ಇಲ್ಲೇ ಕೂತಿರಿ ಎಂದು ಅವರು ಹೇಳಿದ್ದನ್ನು ಮಗಳು ಒಂದು ಹಾಳೆಯಲ್ಲಿ ಬರೆಸಿದರು. ಅದರ ಕೆಳಗೆ: ಜ್ವರ, ಮೈಕೈ ನೋವು ಒಂದೆರಡು ದಿನ ಬರಬಹುದು, ಬಂದರೆ ಪ್ಯಾರಾಸಿಟಮಾಲ್, ಮುಂದಿನ 20 ದಿನದಲ್ಲಿ ಉಸಿರಾಟದ ತೊಂದರೆ, ಎದೆನೋವು, ಕಾಲು ಊತ, ಬಿಡದ ತಲೆನೋವು, ಚುಚ್ಚಿದ ಜಾಗ ಬಿಟ್ಟು ಬೇರೆಡೆ ಕೆಂಪು ಚುಕ್ಕೆ ಕಂಡರೆ ತಕ್ಷಣ ಆಸ್ಪತ್ರೆ. ರಕ್ತ ಹೆಪ್ಪುಗಟ್ಟುವ ಈ ತೊಂದರೆ ಭಾರತದಲ್ಲಿ 10 ಲಕ್ಷ ಡೋಸ್‌ಗೆ 0.61ರಷ್ಟು ವರದಿಯಾಗಿದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಮೇ 17ರಂದೇ ಪ್ರಕಟಿಸಿತ್ತು. ಇದನ್ನು ಮುಚ್ಚಿಡೋಣ, ಹೆದರಿಬಿಡುತ್ತಾರೆ ಎಂದು ಮಗ ಅಂದ. ಮುಚ್ಚಿಡಬಾರದು ಎಂದು ಪಟ್ಟು ಹಿಡಿದೆವು. ಲಸಿಕೆ ಹಾಕಿಸಿಕೊಂಡ ದಿನ ರಾತ್ರಿ ಮೇಷ್ಟ್ರಿಗೆ ಜ್ವರ 101ಕ್ಕೆ ಏರಿತು. ಹಾಳೆ ನೋಡಿ, ಮಾತ್ರೆ ನುಂಗಿ ಮಲಗಿದರು.

ಎರಡನೇ ಡೋಸ್‌ಗೆ 84 ದಿನ ತುಂಬಿದ್ದು ಸೆಪ್ಟೆಂಬರ್ ಮಧ್ಯದಲ್ಲಿ. 17ರಂದು ಪ್ರಧಾನಿಯ ಹುಟ್ಟುಹಬ್ಬದ ಅಭಿಯಾನ. "ಅವತ್ತು ಬರಲ್ಲಮ್ಮ" ಎಂದು ಶಿಷ್ಯೆಗೆ ಹೇಳಿ 20ರಂದು ಹೋಗಿಬಂದರು. ಅವರ ನಿಷ್ಠೆ ಒಂದಿಷ್ಟೂ ಕದಲಿರಲಿಲ್ಲ. ಕದಲಿಸುವುದು ಸಲಹೆಯ ಗುರಿಯೂ ಆಗಿರಲಿಲ್ಲ.

ಕೋವಿಶೀಲ್ಡ್‌ನ ಮೂಲ ಕಂಪನಿ ಅಪರೂಪದ ಹೆಪ್ಪುಗಟ್ಟುವಿಕೆಯನ್ನು ಬ್ರಿಟನ್ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದೆ ಎಂಬ ಸುದ್ದಿ 2024ರಲ್ಲಿ ಟಿವಿಗಳಲ್ಲಿ ಅಬ್ಬರಿಸಿದಾಗ ಅವರು ಗಾಬರಿಯಾಗಲಿಲ್ಲ, ಹಳೆಯ ಹಾಳೆ ತೆಗೆದು ತೋರಿಸಿದರಂತೆ. ಮಗಳು ಮತ್ತೆ ಕರೆ ಮಾಡಿದ್ದು 2025ರ ಜುಲೈನಲ್ಲಿ. ಹಾಸನದ ಹೃದಯಾಘಾತದ ಸಾವುಗಳ ಸುದ್ದಿಯ ನಡುವೆ, ಕೋವಿಡ್ ಲಸಿಕೆಯ ಅವಸರದ ಅನುಮೋದನೆ ಮತ್ತು ವಿತರಣೆಯೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 1ರಂದು ಹೇಳಿದ್ದರು. ಕೇಂದ್ರ ಮರುದಿನವೇ ಅಲ್ಲಗಳೆಯಿತು. ರಾಜ್ಯವೇ ನೇಮಿಸಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಸಮಿತಿಯೂ ಲಸಿಕೆಗೂ ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಸಂಬಂಧ ಕಂಡಿಲ್ಲ ಎಂದಿತು. ಮನೆಯಲ್ಲಿ ಮಾತ್ರ ಜಗಳ ಹೊಸದಾಗಿ ಹೊತ್ತಿಕೊಂಡಿತ್ತು. ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆಂದು ಮೇಷ್ಟ್ರ ಹಠ.

ನೋಟ್‌ಬುಕ್ ತೆಗೆಸಿ ಎಂದೆವು. 'ಮೇ 2023' ಎಂಬ ಕೆಂಪು ಶಾಯಿ ಹಾಗೇ ಇತ್ತು, ಎದುರಿನ ಖಾನೆ ಖಾಲಿ. ಮೇಷ್ಟ್ರು ಅದರಲ್ಲಿ 'ತಪ್ಪು' ಎಂದು ಬರೆದು ಕೆಳಗೆ ಹೊಸ ಸಾಲು ಶುರುಮಾಡಿದರು. ಎದೆನೋವು, ಏದುಸಿರು ಯಾವುದೂ ಇಲ್ಲದ್ದರಿಂದ ಮೈಸೂರಿನ ನೂಕುನುಗ್ಗಲು ಬೇಡ, ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಇಸಿಜಿ, ಕೊಲೆಸ್ಟ್ರಾಲ್, ಮೂರು ತಿಂಗಳ ಸಕ್ಕರೆ ಸರಾಸರಿ ನೋಡಿಸಿ ಎಂದು ಸೂಚಿಸಿದೆವು. ಕರೆದುಕೊಂಡು ಹೋದದ್ದು ಮಗ. ಇಸಿಜಿ ಸರಿಯಿತ್ತು. ಸಕ್ಕರೆಯ ಸರಾಸರಿ, ಎಚ್‌ಬಿಎ1ಸಿ, 8.9 ಬಂದಿತ್ತು. ಮಾತ್ರೆ ಬದಲಿಸಿದ್ದಾರೆ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ.