ಓದುಗರ ಪ್ರಶ್ನೆಗೆ ಉತ್ತರ: ಮುರಕಲ್ಲು, ಕೊರಡು ಮತ್ತು 356ನೇ ವಿಧಿ

ಈ ಬಾರಿ ಬಂದ ಪತ್ರಗಳಲ್ಲಿ ಮೂರು, ಬರೆದವರಿಗೆ ಪರಸ್ಪರ ಪರಿಚಯವಿಲ್ಲದಿದ್ದರೂ, ಒಂದೇ ಸಂದೇಹವನ್ನು ಮೂರು ಕಡೆಯಿಂದ ಕೇಳುತ್ತಿವೆ: ಪೆಟ್ಟು ತಿಂದದ್ದು ಸವೆಯುವ ಬದಲು ಗಟ್ಟಿಯಾಗುತ್ತದೆಯೆ? ಆದ್ದರಿಂದ ಅವುಗಳನ್ನು ಒಟ್ಟಿಗೆ ಇಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಜ್ಜನ ಕಾಲದ ಮನೆಯ ಮುರಕಲ್ಲಿನ ಗೋಡೆಗೆ ಗಾರೆ ಬಳಿದಿಲ್ಲ. ಹೊಸ ಕಿಟಕಿ ಕೂರಿಸಲೆಂದು ಅದನ್ನು ಒಡೆಯಹೋದಾಗ ಉಳಿಯ ಬಾಯಿಯೇ ಮೊಂಡಾಯಿತು. ಮೊನ್ನೆ ಕೋರೆಯಿಂದ ತಂದ ಹೊಸ ಕಲ್ಲನ್ನಾದರೋ ಕತ್ತಿಯಲ್ಲಿ ಕೆತ್ತಬಹುದಿತ್ತು. ಮಳೆ ಬಿಸಿಲಿಗೆ ಕಲ್ಲು ಸವೆಯಬೇಕಲ್ಲವೆ? ಗಟ್ಟಿಯಾಗುವುದು ಹೇಗೆ? (ಕುಂದಾಪುರ ತಾಲ್ಲೂಕಿನ ಓದುಗರು)

ಉತ್ತರ: ನೀವು ಕಂಡದ್ದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಎರಡು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಟಿಪ್ಪುವಿನ ಪತನದ ಬಳಿಕ ಮೈಸೂರು, ಕೆನರಾ ಮತ್ತು ಮಲಬಾರುಗಳನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸದ ವಿವರಗಳನ್ನು ಪ್ರಕಟಿಸಿದ ಈತ, ಮಲಬಾರಿನ ಅಂಗಡಿಪುರಂ ಸುತ್ತಿನ ನೆಲದಲ್ಲಿ ಕಬ್ಬಿಣದ ಸಾಧನದಿಂದ ಸುಲಭವಾಗಿ ಕಡಿಯಬಹುದಾದ, ಆದರೆ ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಡುಸಾಗುವ ವಸ್ತುವೊಂದನ್ನು ಗುರುತಿಸಿ, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂಬ ಹೆಸರು ಕಟ್ಟಿದ. ಸ್ಥಳೀಯರು ಅದನ್ನು ‘ಇಟಿಕ ಕಲ್ಲು’ ಎನ್ನುತ್ತಾರೆಂದೂ ದಾಖಲಿಸಿದ. ಅಂದರೆ ವಿಜ್ಞಾನದ ಹೆಸರು ಕಲ್ಲು ಕಡಿಯುವವರ ಹೆಸರಿನ ಅನುವಾದವೇ ಆಗಿದೆ.

ಈ ಲ್ಯಾಟರೈಟ್, ಅಂದರೆ ನಿಮ್ಮ ಮುರಕಲ್ಲು, ಹುಟ್ಟುವುದೇ ಮಳೆಯಿಂದ. ಕರಾವಳಿಯ ಧಾರಾಕಾರ ಮಳೆ ಲಕ್ಷಾಂತರ ವರ್ಷಗಳ ಕಾಲ ಮೂಲಶಿಲೆಯೊಳಗೆ ಇಳಿದು, ಕರಗಬಲ್ಲ ಸಿಲಿಕಾ ಮತ್ತು ಲವಣಗಳನ್ನು ತೊಳೆದೊಯ್ದಾಗ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಜೇಡಿಯೊಂದಿಗೆ ಅಲ್ಲೇ ಉಳಿಯುತ್ತವೆ. ನೆಲದೊಳಗೆ ಇರುವಷ್ಟು ದಿನ ಈ ಕಬ್ಬಿಣದ ಅಂಶ ನೀರನ್ನು ಹಿಡಿದುಕೊಂಡು ಮೆತ್ತಗಿರುತ್ತದೆ. ಕಡಿದು ಹೊರಗಿಟ್ಟ ಮೇಲೆ ಒಂದು ಮಳೆಗೆ ನೆನೆದು ಒಂದು ಬೇಸಗೆಗೆ ಒಣಗುವ ಪ್ರತಿ ಸುತ್ತಿನಲ್ಲೂ ಆ ಆಕ್ಸೈಡುಗಳು ನೀರನ್ನು ಕಳೆದುಕೊಂಡು ಹರಳುಗಟ್ಟುತ್ತವೆ ಮತ್ತು ಕಣದಿಂದ ಕಣಕ್ಕೆ ಬೆಸೆದುಕೊಂಡು ಕಲ್ಲಿನ ಉದ್ದಗಲಕ್ಕೂ ಒಂದು ಬಲೆಯನ್ನು ಹೆಣೆಯುತ್ತವೆ. ಹೀಗೆ ಒಮ್ಮೆ ಕಟ್ಟಿಕೊಂಡ ಬಲೆ ಮತ್ತೆ ನೀರಿಗೆ ಹಾಕಿದರೂ ಬಿಚ್ಚಿಕೊಳ್ಳುವುದಿಲ್ಲ. ಕೋರೆಯಿಂದ ತಂದ ಕಲ್ಲನ್ನು ಕೆಲವು ತಿಂಗಳು ಬಯಲಿನಲ್ಲಿ ಪೇರಿಸಿಟ್ಟು ಆಮೇಲೆ ಗೋಡೆಗೆ ಬಳಸುವ ಹಳಬರ ರೂಢಿಗೆ ಕಾರಣ ಇದೇ. ಇಂದು ಯಂತ್ರದಲ್ಲಿ ಕೊಯ್ದ ಕಲ್ಲು ಅದೇ ವಾರ ಗೋಡೆ ಸೇರುವುದನ್ನು ಕಂಡಾಗ ನಮಗೆ ಸ್ವಲ್ಪ ಕಸಿವಿಸಿಯಾಗುತ್ತದೆ.

ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ ಅದೇ ಕೋರೆಯ ತಳದಲ್ಲಿದೆ. ಮುರಕಲ್ಲಿನ ಪದರ ಮುಗಿದೊಡನೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಶೇಡಿ ಮಣ್ಣು ಕಾಣಿಸಿಕೊಳ್ಳುತ್ತದೆ. ಅದೂ ಅದೇ ಶಿಲೆಯ ಸಂತಾನವೇ, ಆದರೆ ಅದರಲ್ಲಿ ಕಬ್ಬಿಣ ಕಡಿಮೆ, ಜೇಡಿ ಹೆಚ್ಚು. ಒಣಗಿದಾಗ ಉಗುರಿಗೆ ಬಗ್ಗದ ಈ ಮಣ್ಣನ್ನು ರಸ್ತೆಗಾಗಿಯೋ ರೈಲು ಹಳಿಗಾಗಿಯೋ ಕಡಿದು ತೆರೆದಿಟ್ಟರೆ, ಆಷಾಢದ ಮಳೆಗೆ ತನ್ನ ಬಲವನ್ನೆಲ್ಲ ಕಳೆದುಕೊಂಡು ಮೇಲಿನ ಗಟ್ಟಿ ಪದರವನ್ನೂ ಎಳೆದುಕೊಂಡು ಜರಿಯುತ್ತದೆ. ಮೇಲಿನ ಪದರವನ್ನು ಕಲ್ಲಾಗಿಸುವ ಮಳೆಯೇ ಕೆಳಗಿನದನ್ನು ಕೆಸರಾಗಿಸುತ್ತದೆ. ಹಾಗಾಗಿ ಗಡುಸುತನದ ಲೆಕ್ಕವನ್ನು ಮಳೆಯ ಹೆಸರಿಗೆ ಬರೆಯುವ ಮುನ್ನ, ಒಳಗೆ ಹರಳುಗಟ್ಟಲು ಏನಿತ್ತು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ನಮ್ಮ ಮಾವನವರು ಹಾವೇರಿ ಕಡೆಯ ರೈತರು. ನಾವು ಬೆಂಗಳೂರಿನಲ್ಲಿದ್ದೇವೆ. ಹತ್ತು ವರ್ಷದ ಮಗನನ್ನು ನಾವು ಮೆತ್ತಗೆ ಮಾಡುತ್ತಿದ್ದೇವೆಂದೂ, ಮಕ್ಕಳನ್ನು ಕೊರಡು ಹೊಡೆದ ರಾಗಿಯಂತೆ ಬೆಳೆಸಬೇಕೆಂದೂ ಅವರು ಹೇಳುತ್ತಿರುತ್ತಾರೆ. ಕಷ್ಟ ಕೊಟ್ಟರೆ ಮಕ್ಕಳು ನಿಜವಾಗಿ ಗಟ್ಟಿಯಾಗುತ್ತಾರೆಯೆ? (ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಮಾವನವರ ಹೋಲಿಕೆ ಅವರು ಹೇಳುವುದಕ್ಕಿಂತ ಹೆಚ್ಚು ಸೂಕ್ಷ್ಮವಾಗಿದೆ. ಗುಳಿ ರಾಗಿ ಪದ್ಧತಿಯಲ್ಲಿ ಹೊಲದ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆಗಳು ಕೂಡುವಲ್ಲಿನ ಗುಳಿಗೆ ಗೊಬ್ಬರ ಹಾಕಿ, ಎರಡೆರಡು ಸಸಿಗಳನ್ನು ನೆಡುತ್ತಾರೆ. ಪೈರು ಬೇರು ಬಿಟ್ಟ ಮೇಲೆ ಎತ್ತುಗಳನ್ನು ಹೂಡಿ ಅದರ ಮೇಲೆ ಮರದ ಕೊರಡನ್ನು ಎಳೆಯುತ್ತಾರೆ. ಹೊಸಬರಿಗೆ ಬೆಳೆಯನ್ನು ಹಾಳುಮಾಡುತ್ತಿರುವಂತೆಯೇ ಕಾಣುತ್ತದೆ, ಏಕೆಂದರೆ ಕೊರಡು ದಾಟಿದ ಕ್ಷಣದಲ್ಲಿ ಪೈರೆಲ್ಲ ನೆಲಕ್ಕೆ ಮಲಗಿರುತ್ತದೆ. ಕೆಲವೇ ದಿನಗಳಲ್ಲಿ ಅದು ಎದ್ದು ನಿಲ್ಲುತ್ತದೆ. ಸುಳಿಯ ಬೆಳವಣಿಗೆಗೆ ತಡೆ ಬಿದ್ದದ್ದರಿಂದ ಬುಡದಲ್ಲಿ ಹೊಸ ತೆಂಡೆಗಳು ಒಡೆದು, ಮಣ್ಣಿಗೆ ತಾಗಿದ ಗಿಣ್ಣುಗಳಿಂದ ಹೊಸ ಬೇರುಗಳೂ ಇಳಿಯುತ್ತವೆ. ಆದರೆ ಈ ಕೆಲಸಕ್ಕೆ ನಾಟಿಯಾದ ಸುಮಾರು 15ರಿಂದ 45 ದಿನಗಳವರೆಗಿನ ಅವಧಿ ಮಾತ್ರ ಸಲ್ಲುತ್ತದೆ. ಬೇರೂರುವ ಮೊದಲೇ ಎಳೆದರೆ ಸಸಿ ಕಿತ್ತು ಬರುತ್ತದೆ, ದಂಟು ಎದ್ದ ಮೇಲೆ ಎಳೆದರೆ ಮುರಿಯುತ್ತದೆ. ಗುಳಿಗೆ ಗೊಬ್ಬರವನ್ನೇ ಹಾಕದೆ ಕೊರಡನ್ನು ಮಾತ್ರ ಎಳೆಯುವ ರೈತರನ್ನು ನಾವಂತೂ ಕಂಡಿಲ್ಲ, ನಿಮ್ಮ ಮಾವನವರೂ ಕಂಡಿರಲಾರರು.

ಮನುಷ್ಯನ ಮೂಳೆಯೂ ಹೀಗೆಯೇ ನಡೆದುಕೊಳ್ಳುತ್ತದೆ. ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ಮರುಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ವಿವರಿಸಿದರು. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಯಾತ್ರಿಗಳ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಇಳಿಯುತ್ತದೆ. ಹಾಗೆಂದು ಸೈನ್ಯಕ್ಕೆ ಹೊಸದಾಗಿ ಸೇರಿದವರನ್ನು ಮೊದಲ ವಾರಗಳಲ್ಲೇ ವಿಪರೀತ ಓಡಿಸಿದರೆ, ಕಟ್ಟುವ ಕೆಲಸ ಸವೆತದ ವೇಗಕ್ಕೆ ಸಾಟಿಯಾಗದೆ ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಮೂಳೆ ಗಟ್ಟಿಯಾಗುವುದು ಓಡುವಾಗಲ್ಲ, ಓಡಿ ಬಂದು ಉಂಡು ಮಲಗಿದಾಗ.

ಶುದ್ಧ ಕಷ್ಟ ಏನು ಮಾಡುತ್ತದೆ ಎಂಬುದಕ್ಕೂ ದಾಖಲೆಯಿದೆ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ನೆದರ್ಲೆಂಡಿನ ಪಶ್ಚಿಮ ಭಾಗ ಹಸಿವಿನಲ್ಲಿ ನರಳಿತು. ಆಗ ತಾಯಿಯ ಗರ್ಭದಲ್ಲಿದ್ದವರನ್ನು ದಶಕಗಳ ಬಳಿಕ ಪರೀಕ್ಷಿಸಿದಾಗ, ಅವರು ಹಸಿವಿಗೆ ಪಳಗಿ ಗಟ್ಟಿಯಾಗಿರಲಿಲ್ಲ. ಸಕ್ಕರೆ ರೋಗದ ಲಕ್ಷಣಗಳು ಅವರಲ್ಲಿ ಇತರರಿಗಿಂತ ಹೆಚ್ಚಾಗಿದ್ದವು.

ಆದ್ದರಿಂದ ನಿಮ್ಮ ಮಗ ಅಂಗಡಿಗೆ ಒಬ್ಬನೇ ಹೋಗಿ ಬರಲಿ, ಆಟದಲ್ಲಿ ಸೋತು ಅಳಲಿ, ಬೇಸಗೆ ರಜೆಯಲ್ಲಿ ಅಜ್ಜನ ಹೊಲದಲ್ಲಿ ಕಳೆ ಕೀಳಲಿ. ಸಂಜೆ ಮನೆಗೆ ಬಂದಾಗ ಅವನಿಗೆ ಬಿಸಿ ಊಟವೂ ಕೇಳುವ ಕಿವಿಯೂ ಸಿಗಲಿ. ಮಾವನವರಿಗೆ ಇಷ್ಟು ಕೇಳಿ ನೋಡಿ: ಕೊರಡು ಎಳೆದ ಮರುದಿನವೇ ಅವರು ಮತ್ತೆ ಎಳೆಯುತ್ತಿದ್ದರೆ?

ಪ್ರಶ್ನೆ: ಪದೇ ಪದೇ ದುರುಪಯೋಗವಾದ ನಿಯಮ ಸಡಿಲವಾಗಬೇಕು. ಆದರೆ ಸಂವಿಧಾನದ 356ನೇ ವಿಧಿಯ ವಿಷಯದಲ್ಲಿ ದುರುಪಯೋಗದಿಂದಲೇ ನಿಯಮ ಬಿಗಿಯಾಯಿತೆಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ಇದು ಸರಿಯೆ? (ಧಾರವಾಡದ ಕಾನೂನು ವಿದ್ಯಾರ್ಥಿ)

ಉತ್ತರ: ಸರಿ, ಆದರೆ ಪೆಟ್ಟು ತಾನಾಗಿ ಬಿಗಿಗೊಳಿಸಲಿಲ್ಲ. ರಾಜ್ಯವೊಂದರಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ ಈ ವಿಧಿ ಬಳಕೆಯಾಗದೆ ಕಾಗದದಲ್ಲೇ ಉಳಿಯಲಿ ಎಂಬ ಆಶಯವನ್ನು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ವ್ಯಕ್ತಪಡಿಸಿದ್ದರೂ, 1994ರ ಹೊತ್ತಿಗೆ ಅದು ತೊಂಬತ್ತಕ್ಕೂ ಹೆಚ್ಚು ಬಾರಿ ಪ್ರಯೋಗವಾಗಿತ್ತು. ಅಷ್ಟೂ ಪೆಟ್ಟುಗಳಿಗೆ ನಿಯಮ ಸಡಿಲವಾಗುತ್ತಲೇ ಹೋಯಿತು. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳನ್ನು ಆಧರಿಸಿ ರಾಜ್ಯಪಾಲರು ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ತಾವು ಸರ್ಕಾರದ ಜೊತೆಗೇ ಇದ್ದೇವೆಂದು ಮತ್ತೆ ಬರೆದುಕೊಟ್ಟರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲೇ ಬಹುಮತ ತೋರಿಸುವೆನೆಂದರು. ಆ ಅವಕಾಶ ಸಿಗದೆ 21ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. ಹೈಕೋರ್ಟಿನಲ್ಲಿ ಸೋತ ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪಿನ ಪ್ರಕಾರ, ಬಹುಮತವನ್ನು ಅಳೆಯುವ ಜಾಗ ಸದನವೇ ಹೊರತು ರಾಜಭವನವಲ್ಲ, ರಾಷ್ಟ್ರಪತಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಮತ್ತು ಸಂಸತ್ತಿನ ಎರಡೂ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಬೊಮ್ಮಾಯಿಯವರಿಗೆ ಇದರಿಂದ ಕುರ್ಚಿಯೇನೂ ಮರಳಿ ಸಿಗಲಿಲ್ಲ. ಅಷ್ಟರಲ್ಲಿ ಚುನಾವಣೆ ನಡೆದು ಬೇರೆ ಸರ್ಕಾರಗಳು ಬಂದು ಹೋಗಿದ್ದವು.

ಪೆಟ್ಟು ತಿಂದವರೊಬ್ಬರು ಸುಮ್ಮನಾಗದೆ ಐದು ವರ್ಷ ಹಿಡಿದು ಕೂತದ್ದು ಮತ್ತು ಆ ನೋವನ್ನು ಮೂರು ಸ್ಪಷ್ಟ ವಾಕ್ಯಗಳಾಗಿ ಹರಳುಗಟ್ಟಿಸಬಲ್ಲ ಪೀಠವೊಂದು ಇದ್ದದ್ದು, ಇವೆರಡೂ ಕೂಡಿ ನಿಯಮವನ್ನು ಬಿಗಿಗೊಳಿಸಿದವು. 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಯಾರಿಗೂ ಸ್ಪಷ್ಟ ಬಹುಮತ ಬಾರದಿದ್ದಾಗ, ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಗಡುವನ್ನು ಸುಪ್ರೀಂ ಕೋರ್ಟ್ ಮೊಟಕುಗೊಳಿಸಿ 19ರಂದೇ ಸದನದಲ್ಲಿ ಬಲ ತೋರಿಸಬೇಕೆಂದು ಆದೇಶಿಸಲು ಸಾಧ್ಯವಾದದ್ದು ಆ ಗಟ್ಟಿ ನೆಲದ ಮೇಲೆ ನಿಂತೇ.

ಆದರೆ ಮೇಲಿನ ಪದರ ಗಟ್ಟಿಯಾದರೆ ಒತ್ತಡ ಕೆಳಗಿನ ಮೆತ್ತನೆಯ ಪದರವನ್ನು ಹುಡುಕುತ್ತದೆ. ಪಕ್ಷಾಂತರ ನಿಷೇಧಕ್ಕಾಗಿ 1985ರಲ್ಲಿ ಬಂದ ಹತ್ತನೇ ಅನುಸೂಚಿಯಲ್ಲಿ ಮೂರನೇ ಒಂದು ಭಾಗದ ಶಾಸಕರು ಒಡೆದುಹೋಗಬಹುದೆಂಬ ಸಡಿಲಿಕೆ ಇತ್ತು, ಅದನ್ನು 2003ರ 91ನೇ ತಿದ್ದುಪಡಿ ಮುಚ್ಚಿತು. 2019ರಲ್ಲಿ ಪಕ್ಷ ಒಡೆಯುವ ಗೋಜಿಗೇ ಹೋಗದೆ ಕರ್ನಾಟಕದ ಶಾಸಕರು ರಾಜೀನಾಮೆ ಕೊಟ್ಟರು, ಸರ್ಕಾರ ಬಿತ್ತು. ಸ್ಪೀಕರ್ ಹದಿನೇಳು ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸುವ ಬಾಗಿಲನ್ನು ತೆರೆದೇ ಇಟ್ಟಿತು. ಮರುತಿಂಗಳ ಉಪಚುನಾವಣೆಯಲ್ಲಿ ಅವರಲ್ಲಿ ಹನ್ನೊಂದು ಮಂದಿ ಗೆದ್ದು ಅದೇ ಸದನಕ್ಕೆ ಮರಳಿದರು.