ಮರೀಬಾ ಶೈರ್‌ನ 2010ರ ಕಟ್ಟಡ ಅನುಮತಿ ಎಲ್ಲಿ ಸಿಗುತ್ತದೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕುರಾಂಡಾದಲ್ಲಿರುವ ಮನೆಗೆ 2010ರಲ್ಲಿ ಕೊಟ್ಟ ಕಟ್ಟಡ ಅನುಮತಿ ಮರೀಬಾ ಶೈರ್ (ಅಲ್ಲಿನ ಸ್ಥಳೀಯ ಆಡಳಿತ) ಹೆಸರಿನಲ್ಲಿ ಸಿಗದಿರಲು ಬಹುಶಃ ಇಸವಿಯೇ ಕಾರಣ. ಆಗ ಆ ಶೈರ್ ಇರಲೇ ಇಲ್ಲ. 2008ರ ಮಾರ್ಚ್ 15ರಂದು ಮರೀಬಾ, ಆಥರ್ಟನ್, ಈಚಮ್, ಹರ್ಬರ್ಟನ್ ನಾಲ್ಕನ್ನೂ ಕೂಡಿಸಿ ಟೇಬಲ್‌ಲ್ಯಾಂಡ್ಸ್ ಪ್ರಾದೇಶಿಕ ಕೌನ್ಸಿಲ್ ಮಾಡಿದ್ದರು. ಜನರ ಮತ ಪಡೆದು ಮರೀಬಾ ಮತ್ತೆ ಬೇರೆಯಾದದ್ದು 2014ರ ಜನವರಿ 1ಕ್ಕೆ.

ಮೊದಲು ರೇಟ್ಸ್ ನೋಟಿಸಿನಲ್ಲಿರುವ (ಕೌನ್ಸಿಲ್ ಕಳಿಸುವ ಆಸ್ತಿ ತೆರಿಗೆ ಪತ್ರ) ಲಾಟ್ ಮತ್ತು ಪ್ಲಾನ್ ಸಂಖ್ಯೆ, ಅಂದರೆ ಜಾಗದ ದಾಖಲೆ ಸಂಖ್ಯೆ, ಬರೆದಿಟ್ಟುಕೊಳ್ಳಿ. ಬರೀ ಬೀದಿ ವಿಳಾಸ ಸಾಲದು. ಆ ಸಂಖ್ಯೆ ಕೊಟ್ಟು ಈಗಿನ ಮರೀಬಾ ಕೌನ್ಸಿಲ್‌ಗೆ ಅರ್ಜಿ ಹಾಕಿ, ಕಡತ ಟೇಬಲ್‌ಲ್ಯಾಂಡ್ಸ್ ಕಾಲದ್ದು ಎಂದು ಮೊದಲ ಸಾಲಿನಲ್ಲೇ ತಿಳಿಸಿ. ಆ ಕಡತ ಮರೀಬಾಗೆ ವರ್ಗವಾಗದೆ ಉಳಿದಿರಲೂಬಹುದು. ಮರೀಬಾದವರು ತಮ್ಮಲ್ಲಿ ಇಲ್ಲವೆಂದರೆ ಅದೇ ಅರ್ಜಿಯನ್ನು ಆಥರ್ಟನ್‌ನಲ್ಲಿರುವ ಟೇಬಲ್‌ಲ್ಯಾಂಡ್ಸ್ ಕೌನ್ಸಿಲ್‌ಗೆ ಕಳಿಸಿ. ಅನುಮತಿ ಕೊಟ್ಟವರು ಖಾಸಗಿ ಸರ್ಟಿಫೈಯರ್ (ಕಟ್ಟಡ ಅನುಮತಿ ಕೊಡುವ ಪರವಾನಗಿ ಇರುವ ಖಾಸಗಿ ವ್ಯಕ್ತಿ) ಆಗಿದ್ದರೆ ಅವರ ಹೆಸರನ್ನೂ ಸೇರಿಸಿ.